ವೇಸ್ಟ್ ಇಂಕ್ ಪ್ಯಾಡ್: ತೊಳೆದು ಹಾಕೋದಾ, ಹೊಸದು ತರೋದಾ, ಹೊರಗೆ ಬಾಟಲಿ ಇಡೋದಾ?

ಧಾರವಾಡದ ಜುಲೈ ಮಳೆ ನಿಮಗೆ ಗೊತ್ತಲ್ವಾ. ಬೆಳಗ್ಗೆ ಶುರುವಾದ ಜಿಟಿಜಿಟಿ ರಾತ್ರಿಯಾದರೂ ನಿಲ್ಲುವುದಿಲ್ಲ. ಅಂಥ ಒಂದು ಸಂಜೆ ನಮ್ಮ ಮನೆಯ ಇಂಕ್ ಟ್ಯಾಂಕ್ ಪ್ರಿಂಟರ್ ನಿಂತುಹೋಯಿತು. ಹೆಂಡತಿ ಟ್ಯೂಷನ್ ಮಕ್ಕಳಿಗೆ ಟೆಸ್ಟ್ ಪೇಪರ್ ತೆಗೆಯುತ್ತಿದ್ದಳು. ಟ್ಯಾಂಕಿನಲ್ಲಿ ಇಂಕ್ ಇತ್ತು, ಟ್ರೇಯಲ್ಲಿ ಹಾಳೆ ಇತ್ತು. ಆದರೆ ಎರಡು ಕೆಂಪು ಲೈಟ್ ಒಂದಾದ ಮೇಲೊಂದು ಮಿನುಗುತ್ತಿದ್ದವು. ಇಂಕ್ ಪ್ಯಾಡಿನ ಆಯುಷ್ಯ ಮುಗಿದಿದೆ ಎಂದು ಕಂಪ್ಯೂಟರ್ ಹೇಳುತ್ತಿತ್ತು.

ಹಾಳೆಯ ಮೇಲೆ ಇಂಕ್ ಚಿಮ್ಮಿಸುವ ಭಾಗಕ್ಕೆ ಹೆಡ್ ಎನ್ನುತ್ತಾರೆ. ಹೆಡ್ ಕ್ಲೀನಿಂಗ್ ಮಾಡಿದಾಗಲೆಲ್ಲ ಒಂದು ಸಣ್ಣ ಪಂಪ್ ಹೆಡ್ಡಿನಿಂದ ಇಂಕ್ ಎಳೆದು, ಪೈಪಿನ ಮೂಲಕ ಕಂಬಳಿಯಂಥ ದಪ್ಪ ಪ್ಯಾಡಿಗೆ ಬಿಡುತ್ತದೆ. ನಮ್ಮ ಪ್ರಿಂಟರಿನಲ್ಲಿ ಆ ಪ್ಯಾಡ್ ತುಂಬಿದೆಯೋ ಇಲ್ಲವೋ ಎಂದು ನೋಡುವ ಸೆನ್ಸರ್ ಇಲ್ಲ. ಇಷ್ಟು ಸಲ ಕ್ಲೀನ್ ಮಾಡಿದೆ, ಅಂದರೆ ಇಷ್ಟು ಇಂಕ್ ಹೋಗಿರಬೇಕು ಎಂದು ಒಳಗೊಂದು ಕೌಂಟರ್ ಲೆಕ್ಕ ಇಡುತ್ತದೆ, ಅಷ್ಟೇ. ಹಾಗಾಗಿ ಕೆಲಸ ಎರಡು: ಪ್ಯಾಡ್ ಸರಿ ಮಾಡಬೇಕು, ಆಮೇಲೆ ಕೌಂಟರನ್ನು ರೀಸೆಟ್ ಮಾಡಬೇಕು. ಬರೀ ರೀಸೆಟ್ ಮಾಡಿ ಸುಮ್ಮನಾಗುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾಡ್ ಹೀರಿಕೊಳ್ಳದ ಇಂಕ್ ಟೇಬಲ್ ಮೇಲೆ ಇಳಿಯುತ್ತದೆ.

ಮೊದಲು ನಾನು ತೊಳೆದು ನೋಡಿದೆ. ಹಿಂಭಾಗದ ಒಂದು ಸ್ಕ್ರೂ ಬಿಚ್ಚಿದರೆ ಪ್ಯಾಡಿನ ಡಬ್ಬಿ ಹೊರಬರುತ್ತದೆ. ಮೂರು ಪದರ ಪ್ಯಾಡ್ ಇತ್ತು, ಹಿಂಡುವ ಮೊದಲೇ ಬೆರಳಿಗೆ ಇಂಕ್ ಮೆತ್ತಿಕೊಂಡಿತು. ಪೈಪ್ ಬಂದು ಸೇರುವ ಜಾಗದಲ್ಲಿ ಕಪ್ಪು ಇಂಕ್ ಕಾಡಿಗೆಯ ಹಾಗೆ ಗುಡ್ಡೆ ಕಟ್ಟಿತ್ತು. ಬಕೆಟ್ ನೀರಿನಲ್ಲಿ ಅದ್ದಿದರೆ ಕೆಂಪು ಮತ್ತು ನೀಲಿ ಬೇಗ ಬಿಟ್ಟವು. ಕಪ್ಪು ಬಿಡಲಿಲ್ಲ. ನಮ್ಮ ಪ್ರಿಂಟರಿನ ಕಪ್ಪು ಪಿಗ್ಮೆಂಟ್ ಇಂಕ್. ಅದರ ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ. ಪ್ಯಾಡಿನ ಎಳೆಗಳ ನಡುವೆ ಒಮ್ಮೆ ಕೂತರೆ ಎದ್ದು ಬರುವುದೇ ಕಷ್ಟ. ಹತ್ತು ಹನ್ನೆರಡು ಸಲ ನೀರು ಬದಲಿಸಿದೆ. ಬಚ್ಚಲ ಕಲ್ಲಿನ ಮೇಲಿನ ಕಲೆ ಇವತ್ತಿಗೂ ಇದೆ.

ಒಣಗಿಸುವುದು ಅದಕ್ಕಿಂತ ದೊಡ್ಡ ಪಾಡು. ಫ್ಯಾನ್ ಕೆಳಗೆ ಇಟ್ಟೆ, ಫ್ರಿಜ್ ಹಿಂದೆ ಇಟ್ಟೆ. ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಟೆಸ್ಟ್ ಪೇಪರ್‌ಗಳನ್ನು ಸಪ್ತಾಪುರದ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆವು. ಒಣಗಿದ ಮೇಲೆ ಪ್ಯಾಡ್ ತೆಳ್ಳಗಾಗಿತ್ತು, ಮೊದಲಿನ ಉಬ್ಬು ಇರಲಿಲ್ಲ. ಖರ್ಚು ಏನೂ ಇಲ್ಲ ನಿಜ. ಆದರೆ ಏಳನೇ ತಿಂಗಳಿಗೆ ಪ್ರಿಂಟರ್ ಎತ್ತಿದರೆ ಕೆಳಗೆ ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ. ಕೌಂಟರ್ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ! ತೊಳೆದ ಪ್ಯಾಡ್ ಹೊಸದರಷ್ಟು ಹಿಡಿಯುವುದಿಲ್ಲ, ಆದರೆ ಕೌಂಟರ್ ಹೊಸ ಪ್ಯಾಡಿನ ಲೆಕ್ಕವನ್ನೇ ಹಾಕುತ್ತಿರುತ್ತದೆ. ಈ ವಿಷಯ ಮೊದಲೇ ಯಾರಾದರೂ ಹೇಳಿದ್ದರೆ ನಾನು ತೊಳೆಯುತ್ತಲೇ ಇರಲಿಲ್ಲ.

ಆಗ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಕೊಪ್ಪಿಕರ್ ರೋಡ್ ಕಡೆ ಒಂದು ರಿಪೇರಿ ಅಂಗಡಿಯಲ್ಲಿ ಹಳೇ ಪ್ಯಾಡ್ ತೋರಿಸಿದೆ. ಅಂಗಡಿಯವರು ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಸರ್, ಇದು ಸತ್ತ ಹೋಗೇತ್ರಿ. ತೊಳದ್ರ ಭಾಳ ದಿನ ಬರೂದಿಲ್ರಿ" ಎಂದರು. ಡಬ್ಬಿ ಸಮೇತ ಹೊಸ ಪ್ಯಾಡಿಗೆ 380 ರೂಪಾಯಿ ಕೊಟ್ಟೆ. ಹಾಕುವುದು ಹತ್ತು ನಿಮಿಷದ ಕೆಲಸ. ಪೈಪನ್ನು ಡಬ್ಬಿಯ ಮೂತಿಗೆ ಪೂರ್ತಿ ಒತ್ತಿ ಕೂರಿಸಬೇಕು, ಅದೊಂದೇ ಎಚ್ಚರ. ಅದು ಸಡಿಲವಾದರೆ ಪ್ಯಾಡ್ ಎಷ್ಟೇ ಹೊಸದಾದರೂ ಇಂಕ್ ಪಕ್ಕಕ್ಕೆ ಸೋರುತ್ತದೆ. ಒಂದೂವರೆ ವರ್ಷ ಆಯಿತು, ಕೆಳಗೆ ಹಾಸಿದ ಬಿಳಿ ಹಾಳೆಯ ಮೇಲೆ ಒಂದು ಚುಕ್ಕಿ ಕೂಡ ಇಲ್ಲ.

ಬಾಟಲಿ ಪ್ರಯೋಗ ಮಾಡಿದ್ದು ಗದಗದ ಅಕ್ಕನ ಮನೆಯಲ್ಲಿ, ಇದೇ ಮಾಡೆಲ್ ಮೇಲೆ. ಅಕ್ಕನದು ಪ್ರಿಂಟಿಂಗ್ ಜಾಸ್ತಿ, ದಿನಾ ಮದುವೆ ಫೋಟೋ, ಕರೆಯೋಲೆ ಅಂತ ಏನಾದರೊಂದು ಇರುತ್ತದೆ. ಪ್ಯಾಡಿಗೆ ಹೋಗುವ ಪೈಪಿಗೆ ಸಲೈನ್ ಪೈಪ್ ಜೋಡಿಸಿ, ಹೊರಗೆ ತಂದು ಖಾಲಿ ನೀರಿನ ಬಾಟಲಿಗೆ ಇಳಿಸಿದೆ. ಖರ್ಚು ಐವತ್ತು ರೂಪಾಯಿಯೂ ಆಗಲಿಲ್ಲ. ಎಷ್ಟು ಇಂಕ್ ವ್ಯರ್ಥವಾಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಅದನ್ನು ನೋಡಿದ ಮೇಲೆ ಅಕ್ಕ ಸುಮ್ನೆ ಸುಮ್ನೆ ಕ್ಲೀನಿಂಗ್ ಒತ್ತುವುದನ್ನು ಬಿಟ್ಟಳು.

ಆದರೆ ಮೊದಲ ವಾರವೇ ತೊಂದರೆಯಾಯಿತು. ಕ್ಲೀನಿಂಗ್ ಆದರೂ ಬಣ್ಣ ಗೆರೆಗೆರೆಯಾಗಿ ಬರುತ್ತಿತ್ತು. ಹುಡುಕಿದರೆ ಬಾಟಲಿಯ ಮುಚ್ಚಳಕ್ಕೆ ಗಾಳಿ ಹೋಗಲು ತೂತೇ ಮಾಡಿರಲಿಲ್ಲ. ಒಳಗಿನ ಗಾಳಿ ಹೊರಗೆ ಹೋಗದೆ ಪಂಪಿಗೆ ಎದುರು ಒತ್ತುತ್ತಿತ್ತು. ಕಾಯಿಸಿದ ಸೂಜಿಯಿಂದ ತೂತು ಮಾಡಿದ ಮೇಲೆ ಸರಿಹೋಯಿತು. ಬಾಟಲಿ ಪ್ರಿಂಟರಿಗಿಂತ ಕೆಳಗೇ ಇರಬೇಕು, ಪೈಪ್ ಎಲ್ಲೂ ಮಡಚಿಕೊಳ್ಳಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ದಾರಿ ಬೇಡವೇ ಬೇಡ. ಅಕ್ಕನ ಮೊಮ್ಮಗ ಒಮ್ಮೆ ಪೈಪ್ ಹಿಡಿದು ಎಳೆದ, ಗೋಡೆಗೆ ಮತ್ತೆ ಸುಣ್ಣ ಬಳಿಸಬೇಕಾಯಿತು. ತುಂಬಿದ ಬಾಟಲಿಯನ್ನು ಚರಂಡಿಗೆ ಸುರಿಯಬೇಡಿ. ಮರದ ಹೊಟ್ಟಿಗೆ ಹೀರಿಸಿ ಬಿಗಿಯಾಗಿ ಕಟ್ಟಿ ಇಡಿ.

ಸರ್ವಿಸ್ ಸೆಂಟರಿಗೆ ಒಯ್ಯುವುದು ಸುಲಭ, ಪ್ಯಾಡ್ ಮತ್ತು ರೀಸೆಟ್ ಎರಡೂ ಅವರೇ ಮಾಡಿಕೊಡುತ್ತಾರೆ. ವಾರಂಟಿ ಇದ್ದರೆ ಅಲ್ಲಿಗೇ ಹೋಗಿ. ರೀಸೆಟ್ ಸಾಫ್ಟ್‌ವೇರ್ ಅನ್ನು ಸಿಕ್ಕ ಸಿಕ್ಕ ಕಡೆಯಿಂದ ಇಳಿಸಿಕೊಳ್ಳಬೇಡಿ, ಅದರ ಜೊತೆ ವೈರಸ್ ಬರುವುದುಂಟು. ನಾನು ಅದನ್ನೂ ಹುಬ್ಬಳ್ಳಿಯ ಅದೇ ಅಂಗಡಿಯಲ್ಲಿ ಮಾಡಿಸಿದೆ.

ನನ್ನ ಆಯ್ಕೆ ಹೊಸ ಪ್ಯಾಡ್, ಅದರಲ್ಲಿ ಎರಡು ಮಾತಿಲ್ಲ. ಪ್ರಿಂಟರ್ ಒಂದೇ ಮೂಲೆಯಲ್ಲಿ ಕೂತು ದಿನಾ ದುಡಿಯುತ್ತಿದ್ದರೆ ಬಾಟಲಿ ಇಡಿ. ತೊಳೆಯುವುದು ಹೊಸ ಪ್ಯಾಡ್ ಕೈಗೆ ಬರುವವರೆಗೆ ಮಾತ್ರ, ಅದೂ ಮಾರ್ಚ್ ಏಪ್ರಿಲ್ ಬಿಸಿಲಲ್ಲಿ. ಹೊಸ ಪ್ರಿಂಟರ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಮಾತು ಕೇಳಿ: ವೇಸ್ಟ್ ಇಂಕ್ ಡಬ್ಬಿಯನ್ನು ನಾವೇ ತೆಗೆದು ಹಾಕಬಹುದಾ? ಈಗ ಅಂಥ ಮಾಡೆಲ್‌ಗಳು ಬಂದಿವೆ, ಅವನ್ನು ಮೆಂಟೆನೆನ್ಸ್ ಬಾಕ್ಸ್ ಎನ್ನುತ್ತಾರೆ.