ಥ್ರಾಟಲ್ ಪೊಸಿಷನ್ ಸೆನ್ಸರ್: ಮೂರು ವರ್ಷದ ಬಳಕೆಯ ನಂತರ

ಎಂಜಿನ್‌ಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್ ಎಷ್ಟು ತೆರೆದಿದೆ ಎಂದು ಎಂಜಿನ್ ಕಂಪ್ಯೂಟರ್‌ಗೆ ವೋಲ್ಟ್ ರೂಪದಲ್ಲಿ ತಿಳಿಸುವ ಸೆನ್ಸರ್ ಇದು. ಪೆಡಲಿನಿಂದ ಕೇಬಲ್ ಎಳೆಯುವ ಪೆಟ್ರೋಲ್ ಕಾರುಗಳಿಗೆ ಬಿಡಿಯಾಗಿ ಸಿಗುತ್ತದೆ, ಮೂರು ತಂತಿ ಇರುತ್ತವೆ: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಕೇಬಲ್ ಇಲ್ಲದೆ ಮೋಟಾರಿನಿಂದ ತೆರೆಯುವ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಇದು ನಿಮಗಲ್ಲ. ಅಲ್ಲಿ ಜೋಡಿ ಸೆನ್ಸರ್‌ಗಳು ಒಳಗೇ ಕೂತಿರುತ್ತವೆ, ಹೆಚ್ಚಿನ ಮಾಡೆಲ್‌ಗಳಲ್ಲಿ ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕಾಗುತ್ತದೆ.

ಹಾಕಿದ ದಿನ ಥ್ರಾಟಲ್ ಮುಚ್ಚಿದಾಗ ಮೀಟರ್ 0.52 ವೋಲ್ಟ್ ತೋರಿಸಿತ್ತು, ಮೂರು ವರ್ಷದ ಮೇಲೆ 0.54. ಪೂರ್ತಿ ತೆರೆದರೆ ಈಗಲೂ 4.4 ದಾಟುತ್ತದೆ. ಐಡಲ್ ಏರಿಳಿತ ಮತ್ತೆ ಬಂದಿಲ್ಲ, ಸಣ್ಣ ಆಕ್ಸಿಲರೇಟರ್‌ನಲ್ಲಿ ಗಾಡಿ ಮುಗ್ಗರಿಸುವುದೂ ನಿಂತಿದೆ. ಕೊಳ್ಳಬಹುದಾದ ಮಾಲು, ಆದರೆ ಹಳೆಯದು ನಿಜಕ್ಕೂ ಕೆಟ್ಟಿದ್ದರೆ ಮಾತ್ರ.

ಇದರೊಳಗೆ ಇರುವುದು ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಒಂದು ಸಣ್ಣ ಲೋಹದ ಬೆರಳು. ದಿನನಿತ್ಯದ ಓಡಾಟದಲ್ಲಿ ಪೆಡಲ್ ಹೆಚ್ಚು ಹೊತ್ತು ನಿಲ್ಲುವುದು ಕಾಲು ಭಾಗದೊಳಗೇ. ಹಾಗಾಗಿ ಪಟ್ಟಿಯೂ ಅಲ್ಲೇ ಸವೆಯುತ್ತದೆ. ಪೆಡಲ್ ಒಂದೇ ಜಾಗಕ್ಕೆ ಬಂದಾಗಲೆಲ್ಲ ಜರ್ಕ್ ಹೊಡೆದು, ಅದನ್ನು ದಾಟಿದರೆ ಸರಾಗವಾಗಿ ಹೋದರೆ ಈ ಸವೆತವನ್ನೇ ಮೊದಲು ಅನುಮಾನಿಸಿ. ಥ್ರಾಟಲನ್ನು ಕೈಯಿಂದ ತೀರಾ ನಿಧಾನವಾಗಿ ತೆರೆಯುತ್ತಾ ಸಿಗ್ನಲ್ ತಂತಿಗೆ ಹಿಡಿದ ಮುಳ್ಳಿನ ಮೀಟರ್ ನೋಡಿ: ಒಳ್ಳೆಯ ಸೆನ್ಸರ್‌ನಲ್ಲಿ ಮುಳ್ಳು ಒಂದೇ ಸಮನೆ ಏರುತ್ತದೆ, ಸವೆದದ್ದರಲ್ಲಿ ಅದೇ ಜಾಗಕ್ಕೆ ಬಂದಾಗ ಒಮ್ಮೆ ಸೊನ್ನೆಯತ್ತ ಜಾರಿ ಮತ್ತೆ ಮೇಲೇಳುತ್ತದೆ. ಡಿಜಿಟಲ್ ಮೀಟರ್ ಈ ಕ್ಷಣಿಕ ಕುಸಿತವನ್ನು ಎಷ್ಟೋ ಸಲ ತೋರಿಸುವುದೇ ಇಲ್ಲ.

ಚೆಕ್ ಎಂಜಿನ್ ದೀಪ ಹತ್ತಿ ಪಿ0122 ಅಥವಾ ಪಿ0123 ಕೋಡ್ ಬಂದ ಕೂಡಲೇ ಸೆನ್ಸರ್ ತರಿಸುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲನೆಯದು ಸಿಗ್ನಲ್ ತೀರಾ ಕಡಿಮೆ ಎನ್ನುತ್ತದೆ, ಎರಡನೆಯದು ತೀರಾ ಹೆಚ್ಚು ಎನ್ನುತ್ತದೆ, ಅಷ್ಟೇ. ಗ್ರೌಂಡ್ ತಂತಿ ತುಂಡಾದರೂ ಸಿಗ್ನಲ್ ನೇರ 5 ವೋಲ್ಟ್‌ಗೆ ಏರಿ ಪಿ0123 ಬರುತ್ತದೆ, ಸೆನ್ಸರ್ ಚೆನ್ನಾಗಿದ್ದರೂ. ಎಂಜಿನ್ ಆಫ್, ಇಗ್ನಿಷನ್ ಆನ್ ಇಟ್ಟು, ಕನೆಕ್ಟರ್ ಬಿಚ್ಚದೆ ಹಿಂಬದಿಯಿಂದ ಪಿನ್ ತೂರಿಸಿ ಅಳೆಯಿರಿ. ಒಂದು ತಂತಿಯಲ್ಲಿ 5 ವೋಲ್ಟ್ ಬರಬೇಕು. ಗ್ರೌಂಡ್ ತಂತಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಆ 5 ವೋಲ್ಟೇ ಬರದಿದ್ದರೆ ಅದೇ ಲೈನ್ ಹಂಚಿಕೊಂಡ ಇನ್ನೊಂದು ಸೆನ್ಸರ್ ಶಾರ್ಟ್ ಆಗಿರಬಹುದು. ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಕನೆಕ್ಟರ್ ಕಿತ್ತು ನೋಡಿ, 5 ವೋಲ್ಟ್ ವಾಪಸ್ ಬಂದರೆ ತಪ್ಪು ಅಲ್ಲಿದೆ.

ಹಾಕುವ ಕೆಲಸ ಅರ್ಧ ಗಂಟೆಯದು, ಸ್ಕ್ರೂಗಳು ಮಾತು ಕೇಳಿದರೆ. ಕಂಪನಿಯಲ್ಲೇ ಲಾಕ್ ಅಂಟು ಹಾಕಿ ಬಿಗಿದಿರುವುದರಿಂದ ತಲೆ ಬೇಗ ಸವೆದುಹೋಗುತ್ತದೆ. ಸರಿಯಾದ ಅಳತೆಯ ಬಿಟ್ ಇಟ್ಟು, ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಒಂದೆರಡು ಏಟು ಕೊಟ್ಟು, ಒತ್ತಿ ಹಿಡಿದೇ ತಿರುಗಿಸಿ. ಬ್ಯಾಟರಿ ನೆಗೆಟಿವ್ ಮೊದಲೇ ಬಿಚ್ಚಿರಲಿ.

ಹೆಚ್ಚು ಸೆನ್ಸರ್‌ಗಳು ಮುರಿಯುವುದು ಕೂರಿಸುವಾಗಲೇ. ಒಳಗಿನ ಸ್ಪ್ರಿಂಗ್‌ನಿಂದಾಗಿ ಸ್ಕ್ರೂ ತೂತುಗಳು ನೇರ ಹೊಂದುವುದಿಲ್ಲ. ಥ್ರಾಟಲ್ ಶಾಫ್ಟ್‌ಗೆ ಸ್ವಲ್ಪ ಓರೆಯಾಗಿ ಸೇರಿಸಿ, ಸ್ಪ್ರಿಂಗ್ ಎದುರು ತಿರುಗಿಸಿ ತೂತಿಗೆ ತರಬೇಕು. ಶಾಫ್ಟ್ ತುದಿ ಸೆನ್ಸರ್ ಒಳಗಿನ ಕೊಂಡಿಯ ತಪ್ಪು ಬದಿಗೆ ಕೂತರೆ ಮೊದಲ ಸಲ ಪೂರ್ತಿ ಥ್ರಾಟಲ್ ಕೊಟ್ಟಾಗಲೇ ಪ್ಲಾಸ್ಟಿಕ್ ಕೊಂಡಿ ಮುರಿಯುತ್ತದೆ. ಅದಕ್ಕೇ ಸ್ಕ್ರೂ ಬಿಗಿಯುವ ಮೊದಲು ಥ್ರಾಟಲನ್ನು ಕೈಯಿಂದ ಕೊನೆಯವರೆಗೆ ತೆರೆದು ಬಿಡಿ, ಟಪ್ಪೆಂದು ಮುಚ್ಚಿಕೊಳ್ಳಬೇಕು. ತೂತು ಉದ್ದವಾಗಿದ್ದರೆ ಬ್ಯಾಟರಿ ಮತ್ತೆ ಜೋಡಿಸಿ, ಮ್ಯಾನ್ಯುಯಲ್ ಹೇಳಿದ ವೋಲ್ಟ್ ಬರುವವರೆಗೆ ಸೆನ್ಸರನ್ನು ಆಚೀಚೆ ಸರಿಸಿ ಆಮೇಲೆ ಬಿಗಿಯಿರಿ. ತೂತು ದುಂಡಗಿದ್ದರೆ ಹೊಂದಿಸಲು ಏನೂ ಇಲ್ಲ. ವೋಲ್ಟ್ ಸರಿ ಬರಲಿಲ್ಲವೆಂದು ಥ್ರಾಟಲ್ ಸ್ಟಾಪ್ ಸ್ಕ್ರೂ ತಿರುಗಿಸಬೇಡಿ, ಅದು ಬೇರೆಯದೇ ತೊಂದರೆಗೆ ದಾರಿ.

ಕೊರತೆಗಳೂ ಇವೆ. ಡಬ್ಬದಲ್ಲಿ ಹೊಸ ಓ-ರಿಂಗ್ ಇರುವುದಿಲ್ಲ. ಹಳೆಯ ರಿಂಗ್ ಚಪ್ಪಟೆಯಾಗಿದ್ದರೆ ತೇವ ಒಳಗೆ ಹೋಗುತ್ತದೆ, ಹಾಗಾಗಿ ಅದೇ ಅಳತೆಯದನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಸ್ಕ್ರೂಗಳನ್ನೂ ಬೇರೆಯೇ ತರಬೇಕು. ಕನೆಕ್ಟರ್‌ನ ಲಾಕ್ ಕಿವಿ ಮೂಲದ್ದಕ್ಕಿಂತ ತೆಳು, ಚಳಿಯಲ್ಲಿ ಕಿತ್ತರೆ ಮುರಿಯುವ ಭಯವಿದೆ.

ಬಾಳಿಕೆಯನ್ನು ಹೆಚ್ಚು ಕೆಡಿಸುವುದು ಥ್ರಾಟಲ್ ಕ್ಲೀನರ್. ಶಾಫ್ಟ್ ಕಡೆಗೆ ಸ್ಪ್ರೇ ಹೊಡೆದರೆ ದ್ರವ ಶಾಫ್ಟ್ ಗುಂಟ ಸೆನ್ಸರ್ ಒಳಗೆ ಹರಿಯುತ್ತದೆ. ಸ್ಪ್ರೇಯನ್ನು ಬಟ್ಟೆಗೆ ಹಾಕಿ, ಆ ಬಟ್ಟೆಯಿಂದಲೇ ಬಾಡಿ ಒರೆಸಿ.