ಹಳೇ ಎಫ್-150 ಪಿಕಪ್‌ಗೆ ಟ್ರೂಟ್ರ್ಯಾಕ್ ಡಿಫರೆನ್ಷಿಯಲ್ ಹಾಕಿ ನಾಲ್ಕು ಚಳಿಗಾಲ ಆಯಿತು

ನನ್ನದು 2001ರ ಫೋರ್ಡ್ ಎಫ್-150. 4.6 ಲೀಟರ್ ವಿ8 ಎಂಜಿನ್, ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ನಾವಿರುವುದು ಮಿಶಿಗನ್‌ನಲ್ಲಿ. ಹಿಮದ ಊರಲ್ಲಿ ಪಿಕಪ್ ಇಟ್ಟುಕೊಂಡವರಿಗೆ ಮಿಕ್ಕಿದ್ದು ಹೇಳಬೇಕಾಗಿಲ್ಲ, ಅಲ್ವಾ? ಭಾರವೆಲ್ಲ ಮುಂದೆ, ಹಿಂದೆ ಖಾಲಿ. ಮನೆ ಮುಂದಿನ ಸಣ್ಣ ಏರು ಹತ್ತುವಾಗ ಬಲಗಡೆ ಟೈರು ಗಿರಗಿರ ತಿರುಗುತ್ತಿತ್ತು, ಎಡಗಡೆಯದು ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಸುಮ್ನೆ ನಿಂತಿರುತ್ತಿತ್ತು. ಪಕ್ಕದ ಮನೆಯವರು ಸಲಿಕೆ ಹಿಡಿದು ಬರುವುದು ನೋಡಿ ನೋಡಿ ನಾಚಿಕೆಯಾಗಿ ಹೋಗಿತ್ತು.

ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಆಕ್ಸಲ್ ಕೋಡ್ 19 ಅಂತಿತ್ತು. ಅಂದರೆ 3.55 ಗೇರ್ ರೇಶಿಯೋ, ಮಾಮೂಲಿ ಓಪನ್ ಡಿಫರೆನ್ಷಿಯಲ್. ಎಂಜಿನ್ ಬಲವನ್ನು ಎರಡು ಚಕ್ರಕ್ಕೂ ಹಂಚುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್; ಓಪನ್ ಆದರೆ ಹಿಡಿತ ಇಲ್ಲದ ಚಕ್ರವೇ ಸುಮ್ನೆ ತಿರುಗುತ್ತದೆ. ಎಚ್9 ಅಂತ ಇದ್ದಿದ್ದರೆ ಕಂಪನಿಯೇ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಜಾರುವುದನ್ನು ತಡೆಯುವ ಡಿಫರೆನ್ಷಿಯಲ್, ಹಾಕಿ ಕಳಿಸಿರುತ್ತಿತ್ತು. ಆದರೆ ಅದರೊಳಗೆ ಕ್ಲಚ್ ಪ್ಲೇಟುಗಳಿರುತ್ತವೆ, ವರ್ಷ ಕಳೆದಂತೆ ಸವೆಯುತ್ತವೆ. ಹಾಗಾಗಿ ಈಟನ್ ಕಂಪನಿಯ ಟ್ರೂಟ್ರ್ಯಾಕ್ ತಗೊಂಡೆ. ಇದೂ ಒಂಥರಾ ಲಿಮಿಟೆಡ್ ಸ್ಲಿಪ್ಪೇ, ಆದರೆ ಇದರಲ್ಲಿ ಪ್ಲೇಟೇ ಇಲ್ಲ, ಬರೀ ಓರೆ ಹಲ್ಲಿನ ಗೇರುಗಳು. ಒಂದು ಚಕ್ರ ಜಾರಲು ಶುರುವಾದರೆ ಆ ಗೇರುಗಳು ಕೇಸಿಗೆ, ಅಂದರೆ ಹೊರಕವಚಕ್ಕೆ, ಒತ್ತಿಕೊಂಡು, ಹಿಡಿತ ಇರುವ ಕಡೆಗೆ ಬಲ ಜಾಸ್ತಿ ಕಳಿಸುತ್ತವೆ. ಟಕ್ ಟಕ್ ಸದ್ದಿಲ್ಲ, ಒತ್ತಬೇಕಾದ ಸ್ವಿಚ್ಚೂ ಇಲ್ಲ.

ಕೂರಿಸುವ ಕೆಲಸ ನಾನೂ ಒಬ್ಬ ಸ್ನೇಹಿತನೂ ಸೇರಿ ಎರಡು ದಿನ ಮಾಡಿದೆವು. ಹಳೇ ಕ್ರೌನ್, ಪಿನಿಯನ್ ಗೇರುಗಳನ್ನು ಹಾಗೇ ಉಳಿಸಿಕೊಂಡೆವು. ಸಂದು ಹೊಂದಿಸುವ ತೆಳು ಬಿಲ್ಲೆ (ಶಿಮ್) ಹಾಕಿ, ತೆಗೆದು, ಗೇರುಗಳು ಸರಿಯಾಗಿ ಕೂಡುತ್ತಾ ಅಂತ ಹಳದಿ ಪೇಸ್ಟ್ ಬಳಿದು ಹಲ್ಲಿನ ಗುರುತು ನೋಡುವುದರಲ್ಲೇ ಒಂದು ದಿನ ಹೋಯಿತು. ನಮ್ಮನ್ನು ನಿಜವಾಗಿ ಸತಾಯಿಸಿದ್ದು ಎಬಿಎಸ್ ಬ್ರೇಕಿನ ಸೆನ್ಸರ್ ಓದುವ ಹಲ್ಲಿನ ರಿಂಗ್. ಅದು ಹಳೇ ಕೇಸಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ಬಿಡಿಸಲು ಹೋಗಿ ಬಿರುಕು ಬಿಟ್ಟಿತು. ಹೊಸದು ತಂದು ಅಡುಗೆಮನೆ ಓವನ್‌ನಲ್ಲಿ ಕಾಯಿಸಿ ಬಿಸಿಬಿಸಿ ಇರುವಾಗಲೇ ಕೂರಿಸಿದೆವು. ಆ ವಾಸನೆಗೆ ನನ್ನ ಹೆಂಡತಿ ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ನೀವು ಈ ಕೆಲಸಕ್ಕೆ ಇಳಿದರೆ ರಿಂಗನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಮೊದಲ ಹಿಮ ಬಿದ್ದ ದಿನ ಅದೇ ಏರು. ಬಲಗಡೆ ಟೈರು ಅರ್ಧ ಸುತ್ತು ಜಾರಿತು, ಗಾಡಿಯ ಹಿಂಭಾಗ ಒಂಚೂರು ಕುಲುಕಿತು, ಮೇಲೆ ಹತ್ತಿಬಿಟ್ಟಿತು. ಇಳಿದು ನೋಡಿದರೆ ಹಿಮದ ಮೇಲೆ ಎರಡೂ ಟೈರು ಕೆರೆದ ಗುರುತು. ಅವತ್ತು ಆ ಎರಡು ಗೆರೆಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನಿಗೆ ಏನೂ ಅರ್ಥ ಆಗಲಿಲ್ಲ.

ತಕರಾರು ಇಲ್ಲ ಅಂತಲ್ಲ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ತೇಲಿದರೆ ಇದು ಲಾಕ್ ಆಗುವುದಿಲ್ಲ. ಜಾರುವ ಚಕ್ರಕ್ಕೆ ಇರುವ ಹಿಡಿತದ ಕೆಲವು ಪಟ್ಟು ಬಲವನ್ನಷ್ಟೇ ಇದು ಇನ್ನೊಂದಕ್ಕೆ ಕಳಿಸಬಲ್ಲದು; ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆಗ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಆಕ್ಸಿಲರೇಟರ್ ಕೊಟ್ಟರೆ ಕೆಲವು ಸಲ ಹೊರಗೆ ಬರುತ್ತದೆ. ಇನ್ನು ಗಾಜಿನಂಥ ಮಂಜುಗಡ್ಡೆಯ ಮೇಲೆ ಎರಡೂ ಟೈರು ಒಟ್ಟಿಗೆ ಜಾರಿ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಓಪನ್ ಇದ್ದಾಗ ಇಷ್ಟು ಸರಿಯುತ್ತಿರಲಿಲ್ಲ. ಅದಕ್ಕೇ ಒಳ್ಳೆ ವಿಂಟರ್ ಟೈರು, ಹಿಂದೆ ನಾಲ್ಕು ಮರಳು ಮೂಟೆ ಈಗಲೂ ಬೇಕೇ ಬೇಕು. ಟೈರಿಗೆ ದುಡ್ಡಿಲ್ಲ ಅನ್ನುವವರು ಇದಕ್ಕೆ ಕೈ ಹಾಕಬೇಡಿ.

ಎರಡನೇ ವರ್ಷ ಸಮಯ ಇಲ್ಲದೆ ಆಯಿಲ್ ಬದಲಿಸಲು ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಲಿಮಿಟೆಡ್ ಸ್ಲಿಪ್ ಅಂದ ಕೂಡಲೇ ಅಭ್ಯಾಸಬಲದಿಂದ ಫ್ರಿಕ್ಷನ್ ಮಾಡಿಫೈಯರ್ (ಕ್ಲಚ್ ಪ್ಲೇಟುಗಳಿಗೆಂದು ಘರ್ಷಣೆ ಕಮ್ಮಿ ಮಾಡುವ ದ್ರವ) ಸುರಿದುಬಿಟ್ಟಿದ್ದರು. ಇದಕ್ಕೆ ಅದು ಬೇಡವೇ ಬೇಡ. ಗೇರುಗಳ ಘರ್ಷಣೆಯಿಂದಲೇ ಇದು ಕೆಲಸ ಮಾಡುವುದು, ಅದನ್ನೇ ಕಮ್ಮಿ ಮಾಡಿದರೆ ಹೇಗೆ? ಪೂರ್ತಿ ಬಸಿದು ಸಾದಾ 80ಡಬ್ಲ್ಯು-90 ಮಿನರಲ್ ಗೇರ್ ಆಯಿಲ್ ಹಾಕಿದೆ. ಅಲ್ಲಿಂದ ಈಚೆಗೆ ಆ ಕೆಲಸ ನನ್ನದೇ.

ಹೋದ ತಿಂಗಳು ಡಿಫರೆನ್ಷಿಯಲ್ ಕವರ್ ಬಿಚ್ಚಿದಾಗ, ಲೋಹದ ಚೂರು ಹಿಡಿಯುವ ಮ್ಯಾಗ್ನೆಟ್ ಮೇಲೆ ಬೂದಿಯಂಥ ನುಣುಪು ಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ರಸ್ತೆಗೆ ಸುರಿಯುವ ಉಪ್ಪು ಫ್ರೇಮನ್ನು ತಿನ್ನುತ್ತಿದೆ, ಬೆರಳಲ್ಲಿ ಒತ್ತಿದರೆ ತುಕ್ಕು ಉದುರುತ್ತದೆ. ಗಾಡಿ ಗುಜರಿಗೆ ಹೋಗುವ ದಿನ ಡಿಫರೆನ್ಷಿಯಲ್ ಬಿಚ್ಚಿಟ್ಟುಕೊಂಡೇ ಕಳಿಸುತ್ತೇನೆ.