ಬೀಳುವುದನ್ನೇ ಮೊದಲು ಕಲಿಸುವ ಜೂಡೊ ಕ್ಲಾಸ್

ನಲವತ್ತು ದಾಟಿದ ಮೇಲೆ ನಮ್ಮ ಬಡಾವಣೆಯ ಜೂಡೊ ಕ್ಲಾಸಿಗೆ ಸೇರಿದೆ. ಎತ್ತಿ ಹಾಕೋದು ಆಮೇಲೆ, ಮೊದಲು ಉಕೆಮಿ, ಅಂದರೆ ಬೀಳೋದು ಕಲೀರಿ ಅಂತಾರೆ ಮೇಷ್ಟ್ರು. ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಉರುಳಬೇಕು. ಗದ್ದ ಎದೆಗೆ ಒತ್ತಿರಬೇಕು, ಕಣ್ಣು ಬೆಲ್ಟಿನ ಗಂಟಿನ ಮೇಲೆ. ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ತಾಗುವ ಹೊತ್ತಿಗೇ ಎರಡೂ ಅಂಗೈ ಮ್ಯಾಟಿಗೆ ಫಟ್ ಅಂತ ಬೀಳಬೇಕು, ಮೈಯಿಂದ ಸ್ವಲ್ಪವೇ ದೂರದಲ್ಲಿ. ಹಿಂದಕ್ಕೆ ಕೈ ಊರಿದರೆ ಮಣಿಕಟ್ಟಿನ ಕಥೆ ಮುಗೀತು, ಅಲ್ವಾ?

ಇದು ಸರಿಯಾಗುವವರೆಗೆ ನಿಂತು ಬೀಳಲು ಬಿಡುವುದೇ ಇಲ್ಲ. ಈ ಹಟ ನನಗೆ ತುಂಬಾ ಹಿಡಿಸಿತು. ಮ್ಯಾಟುಗಳು ಮಾತ್ರ ಹಳೆಯವು. ನಡುವೆ ಸಂದು ಬಿಟ್ಟಿದೆ, ಕಾಲ್ಬೆರಳು ಸಿಕ್ಕಿಕೊಳ್ಳುತ್ತೆ. ಕೇಳಿದರೆ 'ಮುಂದಿನ ತಿಂಗಳು' ಅನ್ನುತ್ತಾರೆ. ಸೇರುವುದಾದರೆ ಬೆಳಗಿನ ಬ್ಯಾಚೇ ವಾಸಿ, ಸಂಜೆ ಮಕ್ಕಳ ಗಲಾಟೆ ಜಾಸ್ತಿ.